ಕಾನೂನಿನಲ್ಲಿ "ಬಳಸಬಹುದು" ಎಂದರೆ ಸಾಲದು

ರಕ್ತನಾಳಕ್ಕೆ ಚುಚ್ಚುವ ಔಷಧದಲ್ಲಿ ಜ್ವರ ಬರಿಸುವ ಕಲ್ಮಶವೇನಾದರೂ ಉಳಿದಿದೆಯೇ ಎಂದು ತಿಳಿಯಲು ದಶಕಗಳಿಂದ ಮೊಲಗಳನ್ನು ಬಳಸಲಾಗಿದೆ. ಮೊಲವನ್ನು ಮಿಸುಕಾಡದಂತೆ ಪೆಟ್ಟಿಗೆಯಲ್ಲಿ ಬಂಧಿಸಿ, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು, ಕಿವಿಯಂಚಿನ ರಕ್ತನಾಳಕ್ಕೆ ಔಷಧ ಚುಚ್ಚಿ, ಮೂರು ಗಂಟೆ ಅದರ ಮೈ ಬಿಸಿಯೇರುತ್ತದೆಯೇ ಎಂದು ಕಾಯುತ್ತಾರೆ. ಇದೇ ಪ್ರಶ್ನೆಗೆ ಈಗ ಮನುಷ್ಯರ ರಕ್ತವೇ ಉತ್ತರ ಕೊಡಬಲ್ಲದು. ದಾನಿಗಳ ರಕ್ತದ ಬಿಳಿಕಣಗಳ ಜೊತೆ ಔಷಧವನ್ನು ಬೆರೆಸಿಟ್ಟರೆ, ಕಲ್ಮಶವಿದ್ದಲ್ಲಿ ಆ ಕಣಗಳು ಜ್ವರಕ್ಕೆ ಕಾರಣವಾಗುವ ಪ್ರೋಟೀನುಗಳನ್ನು ಹೊರಬಿಡುತ್ತವೆ, ಅವನ್ನು ಅಳೆದರಾಯಿತು. ಔಷಧ ಸೇರಬೇಕಾದದ್ದು ಮನುಷ್ಯರ ಮೈಯನ್ನು, ಹಾಗಾಗಿ ವಿಜ್ಞಾನದ ದೃಷ್ಟಿಯಿಂದಲೂ ಇದೇ ಹೆಚ್ಚು ಸರಿಯಾದ ದಾರಿ.

ಈ ವಿಧಾನವು ಯುರೋಪಿನ ಅಧಿಕೃತ ಔಷಧಕೋಶಕ್ಕೆ, ಅಂದರೆ ಔಷಧಗಳ ಗುಣಮಟ್ಟ ಮತ್ತು ಪರೀಕ್ಷೆಗಳ ನಿಯಮದ ಪುಸ್ತಕಕ್ಕೆ, ಸೇರಿದ್ದು 2010ರಲ್ಲಿ. ಮೊಲದ ಪರೀಕ್ಷೆಯನ್ನು ಐದು ವರ್ಷಗಳಲ್ಲಿ ಕೈಬಿಡುವ ತೀರ್ಮಾನವಾದದ್ದು 2021ರಲ್ಲಿ. ನಡುವಿನ ಆ ವರ್ಷಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಪ್ರಾಣಿಗಳಿಲ್ಲದ ಮಾನ್ಯ ವಿಧಾನವಿದ್ದರೆ ಅದನ್ನೇ ಬಳಸಬೇಕೆಂದು ಯುರೋಪಿನ ಒಕ್ಕೂಟ ಅದೇ 2010ರಲ್ಲಿ ನಿರ್ದೇಶನ ಹೊರಡಿಸಿತ್ತು. ಆದರೂ ಹಳೆಯ ಪರೀಕ್ಷೆ ನಿಯಮದ ಪುಸ್ತಕದಲ್ಲಿ ಉಳಿದಿದ್ದರಿಂದ ಬಳಕೆಯಲ್ಲೂ ಉಳಿಯಿತು.

ಅಮೆರಿಕದ ಅನುಭವವನ್ನೂ ಇಲ್ಲಿ ನೋಡಬೇಕು. 1937ರಲ್ಲಿ ವಿಷಕಾರಿ ದ್ರಾವಕ ಬೆರೆಸಿದ ಸಲ್ಫಾ ಔಷಧ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, ಮಾರುವ ಮೊದಲೇ ಸುರಕ್ಷತೆಯನ್ನು ತೋರಿಸಬೇಕೆಂಬ ಕಾನೂನು 1938ರಲ್ಲಿ ಬಂತು; ಅದನ್ನು ತೋರಿಸುವ ದಾರಿಯಾಗಿ ಪ್ರಾಣಿಗಳ ಮೇಲಿನ ಪರೀಕ್ಷೆ ನೆಲೆಯೂರಿತು. ಆ ಸಾವುಗಳ ನೆನಪನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ 2022ರ ಡಿಸೆಂಬರ್‌ನಲ್ಲಿ ಅಲ್ಲಿ ಆದ ತಿದ್ದುಪಡಿಯು ಜೀವಕೋಶ, ಚಿಪ್ ಮೇಲಿನ ಅಂಗ (ಅಂಗದ ಕೆಲಸವನ್ನು ಅನುಕರಿಸುವ, ಜೀವಕೋಶಗಳಿರುವ ಪುಟ್ಟ ಸಾಧನ), ಕಂಪ್ಯೂಟರ್ ಮಾದರಿ ಮುಂತಾದವುಗಳಿಗೆ ಬಾಗಿಲು ತೆರೆಯಿತೇ ಹೊರತು ಅವುಗಳನ್ನು ಕಡ್ಡಾಯ ಮಾಡಲಿಲ್ಲ.

ಪ್ರಾಣಿಗಳಲ್ಲಿ ಪರೀಕ್ಷಿಸಿದರೆ ಮನುಷ್ಯರು ಕ್ಷೇಮ ಎನ್ನುವವರು 2006ರಲ್ಲಿ ಲಂಡನ್ನಿನಲ್ಲಿ ನಡೆದದ್ದನ್ನು ನೆನೆಯಬೇಕು. ಅಲ್ಲಿ ಹೊಸ ಔಷಧವೊಂದನ್ನು ಮೊದಲ ಬಾರಿಗೆ ಮನುಷ್ಯರಲ್ಲಿ ಪರೀಕ್ಷಿಸುವಾಗ, ಮಂಗಗಳು ಸುರಕ್ಷಿತವಾಗಿ ತಾಳಿಕೊಂಡಿದ್ದ ಪ್ರಮಾಣದ ಐನೂರರಲ್ಲಿ ಒಂದು ಪಾಲನ್ನು ಕೊಟ್ಟಾಗಲೂ ಆರು ಮಂದಿ ಸ್ವಯಂಸೇವಕರ ಅಂಗಾಂಗಗಳು ಕೆಟ್ಟು, ಅವರು ತೀವ್ರ ನಿಗಾ ಘಟಕ ಸೇರಿದರು.

ಗರ್ಭದ ಮೇಲಿನ ಪರಿಣಾಮ, ವರ್ಷಗಟ್ಟಲೆ ಸೇವಿಸಿದಾಗಿನ ವಿಷತ್ವ ಇಂಥವಕ್ಕೆ ಪೂರ್ಣ ಪರ್ಯಾಯ ಇನ್ನೂ ಇಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಎಲ್ಲವನ್ನೂ ಒಂದೇ ದಿನ ನಿಷೇಧಿಸಿ ಎಂದು ಕೇಳುತ್ತಲೂ ಇಲ್ಲ. ಕಾನೂನು ಒಂದೊಂದು ಪರೀಕ್ಷೆಯನ್ನೂ ಹೆಸರಿಸಿ, ಅದು ಕೊನೆಗೊಳ್ಳುವ ದಿನಾಂಕವನ್ನು ಬರೆಯಬೇಕು. ಸೌಂದರ್ಯವರ್ಧಕಗಳ ವಿಷಯದಲ್ಲಿ ಯುರೋಪು 2009 ಮತ್ತು 2013 ಎಂದು ಗಡುವುಗಳನ್ನು ಮೊದಲೇ ಸಾರಿ, ಅವುಗಳನ್ನು ಜಾರಿಗೆ ತಂದಿತು. ಇಂದು ಹೊಸ ವಿಧಾನ ತಂದವರೇ ತಮ್ಮನ್ನು ಸಮರ್ಥಿಸಿಕೊಳ್ಳಬೇಕಾಗಿದೆ. ಮಾನ್ಯ ಪರ್ಯಾಯವಿದ್ದೂ ಪ್ರಾಣಿಗಳ ಮೇಲೆ ಮಾಡಿದ ಪರೀಕ್ಷೆಯ ವರದಿ ಮೇಜಿಗೆ ಬಂದರೆ, "ಇದನ್ನೇಕೆ ಮಾಡಿದಿರಿ?" ಎಂದು ಕೇಳಿ ಅದನ್ನು ಹಿಂದಿರುಗಿಸುವ ಹೊಣೆಯನ್ನು ಕಾನೂನು, ಔಷಧಕ್ಕೆ ಅನುಮತಿ ನೀಡುವ ಅಧಿಕಾರಿಗೆ ವಹಿಸಬೇಕು.