ಗಟ್ಟಿ ಐತಲ್ಲೋ ಇದು!

ಇವತ್ತು ಬೆಳಿಗ್ಗೆ ಏಳೂಕಾಲಿಗೆ ಗೇಟಿನ ಚಿಲಕ ಸದ್ದಾಯಿತು. ಹಾಲಿನವನಿರಬೇಕು ಅಂತ ಕಿಟಕಿಯಿಂದ ಬಗ್ಗಿ ನೋಡಿದರೆ ನಮ್ಮ ಸೋದರಮಾವ. ಮನೆ ಬಾಗಿಲಿಗೆ ಬರಲಿಲ್ಲ, ಚಪ್ಪಲಿ ಬಿಡಲಿಲ್ಲ, ಸೀದಾ ಜೀಪಿನ ಹತ್ತಿರ ಹೋದರು. ಬಾಗಿಲಿಲ್ಲದ ಜೀಪು, ಕೇಳಬೇಕೆ? ಹೊರಗೇ ನಿಂತು ತೋರುಬೆರಳನ್ನು ಸ್ಟೇರಿಂಗಿನ ಮೇಲಿಟ್ಟು ಎಳೆದರು. ಅಲುಗಲಿಲ್ಲ. ಎರಡು ಬೆರಳು. ಊಹೂಂ. ಇಡೀ ಅಂಗೈ. ಕೊನೆಗೆ ಹೆಗಲ ಮೇಲಿದ್ದ ಟವೆಲ್ಲನ್ನು ಬಾನೆಟ್ ಮೇಲೆ ಹಾಕಿ, ಎರಡೂ ಕೈ ಹಚ್ಚಿ, ಒಂದು ಗೇಣು ತಿರುಗಿಸಿ, ಓಣಿಗೆಲ್ಲ ಕೇಳುವ ಹಾಗೆ ತೀರ್ಪು ಕೊಟ್ಟರು:

‘ಗಟ್ಟಿ ಐತಲ್ಲೋ ಇದು! ಯಾವನೋ ನಿನಗೆ ಸರಿಯಾಗಿ ಟೋಪಿ ಹಾಕ್ಯಾನೆ!’

ಇವರು ಹದಿನೇಳನೆಯವರು. ಲೆಕ್ಕ ಇಟ್ಟಿದ್ದೇನೆ.

ನಮ್ಮ ಹಳೇ ಜೀಪಿಗೆ ಪವರ್ ಸ್ಟೇರಿಂಗ್ ಹಾಕಿಸಿ ಇಂದಿಗೆ ಹನ್ನೆರಡು ದಿನ. ಈ ಹನ್ನೆರಡು ದಿನಗಳಲ್ಲಿ ಹದಿನೇಳು ಜನ ಅದರ ಮೇಲೆ ಬೆರಳಿಟ್ಟು ನೋಡಿದ್ದಾರೆ. ಹದಿನೇಳೂ ಜನ ನೋಡಿದ್ದು ಎಂಜಿನ್ ಬಂದ್ ಇದ್ದಾಗ. ಒಬ್ಬರನ್ನು ಬಿಟ್ಟರೆ ಉಳಿದವರಿಗೆಲ್ಲ ನಾನು ಪಾಪದವನಾಗಿ ಕಂಡಿದ್ದೇನೆ.

ಇದರಲ್ಲಿ ಗೂಢವೇನೂ ಇಲ್ಲ. ಸ್ಟೇರಿಂಗಿಗೆ ಪವರು ಬರುವುದು ಪಂಪಿನ ಎಣ್ಣೆಯ ಒತ್ತಡದಿಂದ. ಪಂಪನ್ನು ತಿರುಗಿಸುವುದು ಬೆಲ್ಟು, ಬೆಲ್ಟನ್ನು ತಿರುಗಿಸುವುದು ಎಂಜಿನ್ನು. ಎಂಜಿನ್ ಮಲಗಿದರೆ ಎಲ್ಲರೂ ಮಲಗಿದರು. ಆಗ ಸ್ಟೇರಿಂಗ್ ಎಳೆಯುವವನು ಚಕ್ರದ ಜೊತೆಗೆ, ಸ್ಟೇರಿಂಗಿನ ತಿರುಗಾಟವನ್ನು ಚಕ್ರಕ್ಕೆ ಮುಟ್ಟಿಸುವ ಬಾಕ್ಸಿನೊಳಗಿನ ಎಣ್ಣೆಯನ್ನೂ ನೂಕಬೇಕು. ಮೇಲಾಗಿ ಈ ಹೊಸ ಬಾಕ್ಸಿಗೆ ಈ ತುದಿಯಿಂದ ಆ ತುದಿಗೆ ಹೋಗಲು ಹಳೆಯದಕ್ಕಿಂತ ಸುತ್ತು ಕಡಿಮೆ, ಸುತ್ತು ಕಡಿಮೆಯಾದಷ್ಟೂ ಬಲ ಹೆಚ್ಚು ಬೇಕು. ಹಾಗಾಗಿ ನಿಂತ ಗಾಡಿಯಲ್ಲಿ ಇದು ಮೊದಲಿಗಿಂತ ಗಟ್ಟಿಯೇ. ಮಾವ ಹೇಳಿದ್ದು ಸುಳ್ಳಲ್ಲ. ಅದೇ ನನ್ನ ಹೊಟ್ಟೆ ಉರಿ.

‘ಮಾವಾ, ತೋಟದ ಬೋರು ಕರೆಂಟ್ ಇಲ್ದಾಗ ನೀರೆತ್ತುತ್ತಾ?’ ಎಂದೆ.

‘ಎಲ್ಲಿ ಎತ್ತುತ್ತೆ?’

‘ಇದೂ ಹಂಗೇ. ಎಂಜಿನ್ ಆನ್ ಇದ್ರೆ ಮಾತ್ರ.’

ಮಾವ ಸ್ವಲ್ಪ ಹೊತ್ತು ಜೀಪನ್ನೂ ನನ್ನನ್ನೂ ನೋಡಿದರು. ‘ಮತ್ತೆ ಹಳೇದು ಕರೆಂಟಿಲ್ದೆ ನಡೀತಿತ್ತಲ್ಲೋ’ ಎಂದರು.

ಇದಕ್ಕೆ ಉತ್ತರ ಇಲ್ಲ.

ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ನಮ್ಮ ಜೀಪು ಜಿಲ್ಲೆಗಿಂತ ನಾಲ್ಕು ವರ್ಷ ದೊಡ್ಡದು. ಮಹೀಂದ್ರಾ ಎಮ್‌ಎಮ್ 540, 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್. ಅಪ್ಪ ಕೊಂಡಿದ್ದು. ಅವರು ಹೋಗಿ ಎಂಟು ವರ್ಷವಾಯಿತು. ಜೀಪು ನನ್ನ ಪಾಲಿಗೆ ಬಂತು, ಜೀಪಿನ ಸ್ಟೇರಿಂಗು ನನ್ನ ಎಡ ಭುಜದ ಪಾಲಿಗೆ ಬಂತು. ಹೋದ ವರ್ಷ ಅಂಗಿ ತೋಳಿಗೆ ಕೈ ಹಾಕುವುದಕ್ಕೂ ಆಗದಷ್ಟು ಭುಜ ಹಿಡಿದುಕೊಂಡಾಗ ಡಾಕ್ಟರು ಕೇಳಿದರು, ‘ಜಿಮ್ಮಿಗೆ ಹೋಗ್ತೀರೇನ್ರಿ?’

‘ಇಲ್ಲ ಡಾಕ್ಟ್ರೇ, ಮಂಡಿಪೇಟೆಲಿ ಗಾಡಿ ಪಾರ್ಕ್ ಮಾಡ್ತೀನಿ.’

ಒಂದು ಸತ್ಯವನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ, ನನ್ನ ಹೆಂಡತಿ ನಾನು ಬರೆದದ್ದನ್ನು ಓದುವುದಿಲ್ಲ ಎಂಬ ಧೈರ್ಯದ ಮೇಲೆ. ಅಪ್ಪನ ಕಾಲದಲ್ಲಿ ಜೀಪಿಗೆ ಇದ್ದದ್ದು 6.00-16ರ ಸಣಕಲು ಟೈರು. ಅದನ್ನು ಕಿತ್ತು ಅಗಲದ ಟೈರು ಹಾಕಿಸಿದವನು ನಾನೇ. ಯಾಕೆ ಅಂದರೆ, ಚಂದ ಕಾಣುತ್ತೆ ಅಂತ. ಟೈರು ಅಗಲವಾದಷ್ಟೂ ನೆಲವನ್ನು ಹೆಚ್ಚು ತಬ್ಬಿಕೊಳ್ಳುತ್ತೆ, ತಬ್ಬಿದ್ದನ್ನು ಬಿಡಿಸಲು ಹೆಚ್ಚು ಬಲ ಬೇಕು. ಚಂದಕ್ಕೆ ಕೊಟ್ಟ ದುಡ್ಡು ಮೊದಲ ಕಂತು. ಆ ಚಂದವನ್ನು ತಿರುಗಿಸಲು ಕೊಟ್ಟ 38,000 ರೂಪಾಯಿ ಎರಡನೆಯದು.

ಪಿ.ಬಿ. ರಸ್ತೆಯಾಚೆಯ ಗ್ಯಾರೇಜಿನ ಮೇಸ್ತ್ರಿ ‘ಎರಡು ದಿನದ ಕೆಲಸ ಸಾರ್’ ಎಂದಿದ್ದರು. ಒಂದೂವರೆ ತಿಂಗಳಾಯಿತು. ಅವರನ್ನು ಬೈಯಲು ಮನಸ್ಸು ಬಾರದು, ಕೈಕೆಲಸ ಬಲ್ಲ ಮನುಷ್ಯ. ಎಂಜಿನ್ನಿನ ಪಕ್ಕದಲ್ಲಿ ಪಂಪು ಕೂರಿಸಲು ಬ್ರಾಕೆಟ್ ಮಾಡಬೇಕು, ಬೆಲ್ಟು ಕೂರಲು ಇನ್ನೊಂದು ತೋಡು ಇರುವ ಪುಲ್ಲಿಯನ್ನು ಲೇತಿನಲ್ಲಿ ಕಡೆಸಬೇಕು, ಬಾಕ್ಸು ಕೂರುವ ಕಡೆ ಚಾಸಿಗೆ ದಪ್ಪನೆಯ ಪಟ್ಟಿ ಕೊಡಬೇಕು. ಪಟ್ಟಿ ಕೊಡದಿದ್ದರೆ ಪವರಿನ ಬಲಕ್ಕೆ ಚಾಸಿಯೇ ಬಿರುಕು ಬಿಡಬಹುದು. ಇದನ್ನೆಲ್ಲ ಅವರು ಚೆನ್ನಾಗಿಯೇ ಮಾಡಿದರು. ಎಡವಿದ್ದು ಬಾಕ್ಸಿನಲ್ಲಿ.

ಮೊದಲ ಬಾಕ್ಸು ಗುಜರಿಯಿಂದ ಬಂತು. ಯಾವ ಗಾಡಿಯದು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಎಲ್ಲ ಬಿಗಿದಾದ ಮೇಲೆ ನನ್ನನ್ನೇ ಕೂರಿಸಿದರು. ಗ್ಯಾರೇಜಿನ ಮುಂದೆ ಬೆಣ್ಣೆಯ ಹಾಗೆ ಎಡಕ್ಕೆ ತಿರುಗಿಸಿದೆ. ಜೀಪು ಅಷ್ಟೇ ನಯವಾಗಿ ಬಲಕ್ಕೆ ಹೊರಟಿತು. ಗಾಬರಿಯಲ್ಲಿ ಇನ್ನಷ್ಟು ಎಡಕ್ಕೆಳೆದೆ, ಇನ್ನಷ್ಟು ಬಲಕ್ಕೆ ಹೋಗಿ ಟೀ ಅಂಗಡಿಯ ಬೆಂಚಿನ ಮುಂದೆ ಬ್ರೇಕಿಗೆ ನಿಂತಿತು. ಬೆಂಚಿನ ಮೇಲೆ ಕೂತಿದ್ದವರು ಗ್ಲಾಸು ಕೆಳಗಿಡದೆ ಕಾಲು ಮಾತ್ರ ಮೇಲೆತ್ತಿಕೊಂಡರು. ಆ ಬಾಕ್ಸಿನ ಡ್ರಾಪ್ ಆರ್ಮ್, ಅಂದರೆ ಬಾಕ್ಸಿನಿಂದ ಹೊರಬಂದು ಚಕ್ರಗಳನ್ನು ಹೊರಳಿಸುವ ತೋಳು, ಆಡುವ ದಿಕ್ಕು ನಮ್ಮ ಜೀಪಿಗೆ ಬೇಕಾದ್ದಕ್ಕೆ ಪೂರಾ ಉಲ್ಟಾ.

ಮೇಸ್ತ್ರಿ ನಿಧಾನಕ್ಕೆ ನಡೆದು ಬಂದು, ಬಾಯಲ್ಲಿದ್ದ ಎಲೆಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ ಹೇಳಿದರು: ‘ನಾಕು ದಿನ ಓಡ್ಸಿ ಸಾರ್, ರೂಢಿ ಆಗ್ತೈತೆ.’

ತಮಾಷೆಗೆ ಹೇಳಿದ್ದಲ್ಲ. ನಾನು ಒಪ್ಪಿದ್ದರೆ ಅಂದೇ ಬಿಲ್ ಬರೆದುಬಿಡುತ್ತಿದ್ದರು. ಕೊನೆಗೆ ಬೊಲೆರೊದ ಬಾಕ್ಸು ಬಂತು, ಎಡ ಎಡವಾಯಿತು, ಬಲ ಬಲವಾಯಿತು.

ಆಮೇಲೆ ಎಣ್ಣೆಯೊಳಗಿನ ಗಾಳಿ ತೆಗೆಯುವ ಶಾಸ್ತ್ರ. ಮುಂದಿನ ಎರಡೂ ಚಕ್ರ ಜಾಕಿನ ಮೇಲೆ. ಡಬ್ಬಿಯಲ್ಲಿ ಎಣ್ಣೆ. ಒಬ್ಬರು ಎಣ್ಣೆ ನೋಡುತ್ತಿರಬೇಕು, ಇನ್ನೊಬ್ಬರು ಈ ತುದಿಯಿಂದ ಆ ತುದಿಗೆ ಸ್ಟೇರಿಂಗ್ ತಿರುಗಿಸುತ್ತಲೇ ಇರಬೇಕು, ಗುಳ್ಳೆ ನಿಲ್ಲುವತನಕ. ಆ ಇನ್ನೊಬ್ಬ ಯಾರು? ಭುಜ ನೋವು ಅಂತ ಪವರ್ ಸ್ಟೇರಿಂಗ್ ಹಾಕಿಸಲು ಬಂದವನು. ‘ಇನ್ನೊಂದು ಸುತ್ತು ಸಾರ್... ಇನ್ನೊಂದು... ಗುಳ್ಳೆ ಬರ್ತೈತೆ, ನಿಲ್ಲಿಸಬ್ಯಾಡ್ರಿ.’

ಮನೆಗೆ ತಂದ ಮರುದಿನ ಹೋಸಿನ ಒಂದು ಕಡೆ ಸಡಿಲಾಗಿ ರಾತ್ರಿಯೆಲ್ಲ ತೊಟ್ಟಿಕ್ಕಿತ್ತು. ಆ ಎಣ್ಣೆ ಕೆಂಪು. ಬೆಳಿಗ್ಗೆ ರಂಗೋಲಿ ಹಾಕಲು ಹೋದ ಹೆಂಡತಿ ಅಲ್ಲಿಂದಲೇ ಕೂಗಿದಳು, ‘ನಿನ್ನೆ ರಾತ್ರಿ ಬರುವಾಗ ಏನನ್ನ ಹೊಡೆದ್ಕೊಂಡು ಬಂದ್ರಿ?’ ಎದುರುಮನೆಯ ಅಜ್ಜಿ ತಮ್ಮ ಬೆಕ್ಕನ್ನು ಹುಡುಕಲು ಶುರು ಮಾಡಿದರು. ಬೆಕ್ಕು ಸಿಕ್ಕಿತು, ನಮ್ಮ ಬಾನೆಟ್ ಮೇಲೆಯೇ ಮಲಗಿತ್ತು. ಅಜ್ಜಿಯ ಅನುಮಾನ ಮಾತ್ರ ಇನ್ನೂ ಹೋಗಿಲ್ಲ.

ಇದನ್ನೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಬೆರಳು. ಪೇಪರ್ ಹಾಕುವ ಹುಡುಗ ಇಟ್ಟ, ಗ್ಯಾಸ್ ಸಿಲಿಂಡರ್ ತಂದವನು ಇಟ್ಟ, ನನ್ನ ಷಡ್ಡಕರು ಇಟ್ಟಿದ್ದಲ್ಲದೆ ಮನೆಗೆ ಹೋಗಿ ಫೋನ್ ಮಾಡಿ ‘ಬೇಜಾರ್ ಮಾಡ್ಕೋಬ್ಯಾಡ್ರಿ, ದುಡ್ಡು ಇವತ್ತಿರುತ್ತೆ ನಾಳೆ ಹೋಗುತ್ತೆ’ ಎಂದು ಸಮಾಧಾನವನ್ನೂ ಹೇಳಿದರು. ಹೋದ ಭಾನುವಾರ ಬೆಣ್ಣೆ ದೋಸೆ ಹೋಟೆಲ್ಲಿನ ಮುಂದೆ ನಿಲ್ಲಿಸಿ ಒಳಗೆ ಹೋಗಿ ಬರುವಷ್ಟರಲ್ಲಿ, ಪರಿಚಯವೇ ಇಲ್ಲದ ಹಿರಿಯರೊಬ್ಬರು ತಿಂದ ಕೈ ತೊಳೆಯದೆ ಸ್ಟೇರಿಂಗ್ ಹಿಡಿದು ಎಳೆಯುತ್ತಿದ್ದರು. ದಾವಣಗೆರೆಯ ದೋಸೆಗೆ ಎಷ್ಟು ಬೆಣ್ಣೆ ಹಾಕುತ್ತಾರೆಂದು ನಿಮಗೇ ಗೊತ್ತು. ಬೆರಳು ಸರ್ರನೆ ಅರ್ಧ ಸುತ್ತು ಜಾರಿತು, ಚಕ್ರ ಇದ್ದಲ್ಲೇ ಇತ್ತು. ‘ಭಾಳ ಹಗುರ ಐತ್ರಿ, ಚಲೋ ಮಾಡ್ಸೀರಿ’ ಎಂದು ಬೆನ್ನು ತಟ್ಟಿದರು. ಬೆನ್ನಿಗೂ ಬೆಣ್ಣೆ. ಹನ್ನೆರಡು ದಿನದಲ್ಲಿ ಬಂದ ಒಂದೇ ಒಂದು ಮೆಚ್ಚುಗೆ, ಅದೂ ತಪ್ಪು ಕಾರಣಕ್ಕೆ.

ಅಪ್ಪ ನಿಂತ ಗಾಡಿಯಲ್ಲಿ ಸ್ಟೇರಿಂಗ್ ತಿರುಗಿಸಿದ್ದನ್ನು ನಾನು ನೋಡಿಲ್ಲ. ‘ಗಾಲಿ ಉರುಳ್ಲಿ, ಆಮ್ಯಾಲೆ ತಿರುಗ್ಸು’ ಎನ್ನುತ್ತಿದ್ದರು. ನಮ್ಮ ಗದ್ದೆಗೆ ಹೋಗುವುದು ಭದ್ರಾ ಚಾನಲ್ಲಿನ ಏರಿ ಮೇಲೆ. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತ, ನಡುವೆ ಜೀಪಿಗಿಂತ ಸ್ವಲ್ಪವೇ ಉದ್ದದ ಜಾಗ. ಅಲ್ಲಿ ಗಾಡಿ ತಿರುಗಿಸಬೇಕು. ಒಂದಡಿ ಮುಂದೆ, ಒಂದಡಿ ಹಿಂದೆ. ಪಕ್ಕದಲ್ಲಿ ಏಳು ವರ್ಷದ ನಾನು. ‘ಎಳಿಯಪ್ಪಾ, ಎಳಿ’ ಎನ್ನುತ್ತಿದ್ದರು. ನಾನು ಸ್ಟೇರಿಂಗಿನ ಕಡ್ಡಿಗೆ ಜೋತುಬಿದ್ದು, ಹಲ್ಲು ಕಚ್ಚಿ ಎಳೆಯುತ್ತಿದ್ದೆ. ಮನೆಗೆ ಬಂದು ಅವ್ವನ ಮುಂದೆ ಹೇಳುತ್ತಿದ್ದರು, ‘ಇವ್ನಿಲ್ದಿದ್ರೆ ಇವತ್ತು ಜೀಪು ಚಾನಲ್ ಪಾಲಾಗ್ತಿತ್ತು.’ ಎಂಟನೇ ಕ್ಲಾಸಿನವರೆಗೂ ನಾನು ಅದನ್ನು ನಂಬಿದ್ದೆ.

ಮೊನ್ನೆ ಮಗಳನ್ನು ಕರೆದುಕೊಂಡು ಅದೇ ಏರಿಗೆ ಹೋಗಿದ್ದೆ. ‘ಎಳಿಯಮ್ಮಾ’ ಎಂದೆ. ಅವಳು ಕೈ ಇಡುವಷ್ಟರಲ್ಲಿ ತಿರುಗಿಯೇಬಿಟ್ಟಿತು. ‘ಅಷ್ಟೇನಾ?’ ಎಂದು ಕೇಳಿ ನನ್ನ ಜೇಬಿನಿಂದ ಮೊಬೈಲ್ ತೆಗೆದುಕೊಂಡಳು.

ಮಾವನ ವಿಷಯಕ್ಕೆ ಬರುತ್ತೇನೆ. ಹದಿನಾರು ಜನರನ್ನು ಸುಮ್ಮನೆ ಕಳಿಸಿದ್ದೆ, ಇವರನ್ನು ಬಿಡಲು ಮನಸ್ಸಾಗಲಿಲ್ಲ. ಕಾಫಿ ಕೊಟ್ಟು, ಕೈ ಹಿಡಿದು ಜೀಪಿಗೆ ಹತ್ತಿಸಿ, ಡ್ರೈವರ್ ಸೀಟಿನಲ್ಲಿ ಕೂರಿಸಿ, ಎಂಜಿನ್ ಸ್ಟಾರ್ಟ್ ಮಾಡಿದೆ. ‘ಈಗ ತಿರುಗಿಸಿ ಮಾವಾ.’

ಬೆಳಗಿನ ಅನುಭವ ಮರೆಯದ ಮಾವ ಎರಡೂ ಪಾದ ಊರಿ, ಉಸಿರು ಬಿಗಿಹಿಡಿದು, ಗಾಡಿಯೆತ್ತು ಎಳೆಯುವ ಹಾಗೆ ಎಳೆದರು. ಸ್ಟೇರಿಂಗ್ ಗಿರ್ರನೆ ತುದಿಗೆ ಹೋಗಿ ಪಂಪು ಕುಂಯ್ ಎಂದಿತು. ಮಾವ ಅರ್ಧ ಸೀಟಿನಿಂದಾಚೆ. ಚಕ್ರ ಹೊರಳಿ ಪಕ್ಕದ ದಾಸವಾಳದ ಕುಂಡ ದಬ್ಬನೆ ಉರುಳಿತು. ಒಳಗಿಂದ ಹೆಂಡತಿ ‘ಏನದು?’ ಎಂದಳು. ನಾನು ಉತ್ತರಿಸಲಿಲ್ಲ, ಮಾವನ ಮುಖವನ್ನೇ ನೋಡುತ್ತಿದ್ದೆ.

ಮಾವ ಕೆಳಗಿಳಿದರು. ಬಾನೆಟ್ ಮೇಲಿನ ಟವೆಲ್ ತೆಗೆದು ಕೊಡವಿ ಹೆಗಲಿಗೆ ಹಾಕಿಕೊಂಡರು. ಬಗ್ಗಿ ಚಕ್ರ ನೋಡಿದರು, ಕುಂಡ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

‘ಪೂರ್ತಿ ಸಡಿಲಾಗೈತಲ್ಲೋ’ ಎಂದರು. ‘ರೋಡಿಗೆ ತಗೀಬ್ಯಾಡ. ಮೊದಲು ಯಾರಾದ್ರೂ ಚಲೋ ಮೇಸ್ತ್ರಿಗೆ ತೋರ್ಸು.’