ಬೀಪ್ ಎನ್ನದ ನನ್ನ ಕನ್ನಡ ಪುಸ್ತಕಗಳು

ಹೋದ ತಿಂಗಳು ಒಂದು ಶನಿವಾರ ಇಲ್ಲಿಯ ಸಣ್ಣ ಗ್ರಂಥಾಲಯವೊಂದಕ್ಕೆ ಕೈಜೋಡಿಸಲು ಹೋಗಿದ್ದೆ. ನಾನು ಬ್ರಿಟನ್ನಿಗೆ ಬಂದು ಹದಿನೇಳು ವರ್ಷವಾಯಿತು. ಇಲ್ಲಿ ಎಷ್ಟೋ ಗ್ರಂಥಾಲಯಗಳನ್ನು ಊರಿನವರೇ ಬಿಡುವಿನ ವೇಳೆಯಲ್ಲಿ ನಡೆಸುತ್ತಾರೆ. ದಾನ ಬಂದ ಪುಸ್ತಕಗಳ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಕೂತಿದ್ದವು. ನನ್ನ ಕೈಗೆ ಒಂದು ಸ್ಕ್ಯಾನರ್ ಕೊಟ್ಟರು. ಪುಸ್ತಕ ಮಗುಚಿ ಹಿಂದಿನ ರಟ್ಟಿನ ಬಾರ್‌ಕೋಡ್‌ಗೆ ಬೆಳಕು ಹಿಡಿದರೆ ಬೀಪ್. ಅಷ್ಟೇ. ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ವರ್ಷ, ಪುಟ, ಮುಖಪುಟದ ಚಿತ್ರ ಎಲ್ಲ ಪರದೆ ಮೇಲೆ ಬಂದುಬಿಡುತ್ತಿತ್ತು. ನಾನು ಒಂದಕ್ಷರವನ್ನೂ ಬರೆಯಬೇಕಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಬ್ಬರೇ ಕೂತು ನಾನೂರು ಪುಸ್ತಕ ಮುಗಿಸಿದ್ದೆವು.

ಆ ಖುಷಿಯಲ್ಲಿ ಒಂದು ಮಾತು ಹೇಳಿಬಿಟ್ಟೆ. ಈ ಸುತ್ತಿನಲ್ಲಿ ಕನ್ನಡದ ಮನೆಗಳು ಹತ್ತಾರಿವೆ, ನನ್ನ ಹತ್ತಿರ ಇರುವುದರಲ್ಲಿ ನಲವತ್ತು ಪುಸ್ತಕ ಕೊಡುತ್ತೇನೆ, ಒಂದು ಕನ್ನಡದ ಕಪಾಟು ಮಾಡೋಣ ಅಂದೆ. ಅಲ್ಲಿನ ಮೇಲ್ವಿಚಾರಕಿ ನನಗಿಂತ ಜಾಸ್ತಿ ಖುಷಿಪಟ್ಟರು. ಮುಂದಿನ ವಾರ ಎರಡು ಚೀಲ ಹೊತ್ತುಕೊಂಡು ಹೋದೆ.

ಮೊದಲನೆಯ ಪುಸ್ತಕದ ಹಿಂದೆ ಲೇಖಕರ ಫೋಟೊ ಇತ್ತು, ಬೆನ್ನುಡಿ ಇತ್ತು, ಬಾರ್‌ಕೋಡ್ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರ ಒಳಪುಟದಲ್ಲಿ ಐಎಸ್‌ಬಿಎನ್ ಅಂತ ಹದಿಮೂರು ಅಂಕಿ ಅಚ್ಚಾಗಿತ್ತು. ಪ್ರತಿ ಪುಸ್ತಕಕ್ಕೂ ಕೊಡುವ ಗುರುತಿನ ನಂಬರ್ ಅದು, ಬಾರ್‌ಕೋಡ್‌ನಲ್ಲಿ ಇರುವುದೂ ಅದೇ. ಕೈಯಲ್ಲಿ ಟೈಪ್ ಮಾಡಿದರೆ ‘ಈ ಸಂಖ್ಯೆ ತಪ್ಪು’ ಅಂತ ಬಂತು. ಐದನೆಯದು ಒಂದು ಕವನ ಸಂಕಲನ. ನಂಬರ್ ಹೊಡೆದೆ. ತೆರೆ ಮೇಲೆ ಬಂದದ್ದು ಗಣಿತದ ಒಂದು ಗೈಡ್. ಅದೇ ಪ್ರಕಾಶಕರದ್ದು! ಒಂದೇ ನಂಬರನ್ನು ಎರಡು ಪುಸ್ತಕಕ್ಕೆ ಹಾಕಿಬಿಟ್ಟಿದ್ದರು. ನಲವತ್ತರಲ್ಲಿ ಸರಿಯಾಗಿ ಬಂದದ್ದು ಹನ್ನೊಂದು. ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: “ಉಳಿದವನ್ನು ಸದ್ಯಕ್ಕೆ ‘ಇತರೆ’ ಅಂತ ಹಾಕಿಡೋಣವೇ?”

ಆ ‘ಇತರೆ’ ಅನ್ನುವ ಮಾತು ಇವತ್ತಿಗೂ ಚುಚ್ಚುತ್ತಿದೆ. ಇಪ್ಪತ್ತೊಂಬತ್ತು ಪುಸ್ತಕ, ಅದರಲ್ಲಿ ಕಾದಂಬರಿ ಇದೆ, ಪ್ರಬಂಧ ಇದೆ, ಮಕ್ಕಳ ಪದ್ಯ ಇದೆ, ಎಲ್ಲವೂ ಇತರೆ.

ಈ ನಂಬರ್ ಪದ್ಧತಿ ಹುಟ್ಟಿದ್ದು ಬ್ರಿಟನ್ನಿನಲ್ಲೇ. 1960ರ ದಶಕದಲ್ಲಿ ಡಬ್ಲ್ಯೂ. ಎಚ್. ಸ್ಮಿತ್ ಎಂಬ ದೊಡ್ಡ ಪುಸ್ತಕ ವ್ಯಾಪಾರಿ ಸಂಸ್ಥೆ ತನ್ನ ಗೋದಾಮಿಗೆ ಕಂಪ್ಯೂಟರ್ ತರಲು ಹೊರಟಿತು. ಆಗ ಪ್ರತಿ ಪುಸ್ತಕಕ್ಕೂ ಒಂದು ನಂಬರ್ ಬೇಕಾಯಿತು. ಗಾರ್ಡನ್ ಫಾಸ್ಟರ್ ಎಂಬ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು ಒಂಬತ್ತು ಅಂಕಿಯ ಪದ್ಧತಿ ಮಾಡಿಕೊಟ್ಟರು. 1970ರಲ್ಲಿ ಅದು ಹತ್ತು ಅಂಕಿಯಾಗಿ ಜಗತ್ತಿಗೆಲ್ಲ ಒಂದೇ ಮಾನಕವಾಯಿತು. 2007ರ ಜನವರಿ 1ರಿಂದ ಹದಿಮೂರು ಅಂಕಿ. 978 ಅಂತ ಶುರುವಾಗಿ ಮುಂದೆ 81 ಅಥವಾ 93 ಕಂಡರೆ ಅದು ಭಾರತದ ಪ್ರಕಾಶಕರದ್ದು. ಆಮೇಲೆ ಪ್ರಕಾಶಕರ ಗುರುತು, ಪುಸ್ತಕದ ಗುರುತು. ಕೊನೆಯದು ತಾಳೆ ನೋಡುವ ಅಂಕಿ. ಅಂಕಿಗಳನ್ನು ಸಾಲಾಗಿ ಒಂದರಿಂದ, ಮೂರರಿಂದ, ಮತ್ತೆ ಒಂದರಿಂದ, ಮೂರರಿಂದ ಗುಣಿಸಿ ಕೂಡಿದರೆ ಹತ್ತರಿಂದ ಭಾಗವಾಗಬೇಕು. ಅಚ್ಚಿನಲ್ಲಿ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ನನ್ನ ಮೂರನೆಯ ಪುಸ್ತಕದ ನಂಬರನ್ನು ಯಂತ್ರ ಒಪ್ಪದೇ ಇದ್ದದ್ದು ಇದಕ್ಕೇ. ಕರಡು ತಿದ್ದುವವರು ಕಥೆಯ ಅಲ್ಪಪ್ರಾಣ ಮಹಾಪ್ರಾಣವನ್ನೆಲ್ಲ ತಿದ್ದಿದ್ದಾರೆ. ಈ ಒಂದು ಸಾಲನ್ನು ಯಾರೂ ತಾಳೆ ನೋಡಿಲ್ಲ.

ಇಂಗ್ಲಿಷ್ ಪುಸ್ತಕಕ್ಕೆ ಈ ನಂಬರ್ ಒಂದು ಅನುಕೂಲ. ನನ್ನ ಪ್ರಕಾರ ಕನ್ನಡ ಪುಸ್ತಕಕ್ಕೆ ಅದು ಇನ್ನೂ ಜಾಸ್ತಿ ಬೇಕು. ಯಾಕೆ ಅಂತ ನಮ್ಮ ಕನ್ನಡ ಕೂಟದ ಪಟ್ಟಿ ನೋಡಿದರೆ ಗೊತ್ತಾಗುತ್ತದೆ.

ಕೂಟದಲ್ಲಿ ಒಂಬತ್ತು ಮನೆಯವರು ಸೇರಿ ಪುಸ್ತಕ ಹಂಚಿಕೊಂಡು ಓದುತ್ತೇವೆ. ಯಾರ ಮನೆಯಲ್ಲಿ ಯಾವುದಿದೆ ಅಂತ ಒಂದು ಎಕ್ಸೆಲ್ ಪಟ್ಟಿ ಇದೆ. ಕೆಲವರು ಕನ್ನಡದಲ್ಲಿ ತುಂಬುತ್ತಾರೆ, ಕೆಲವರ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆ ಇಲ್ಲ, ಇಂಗ್ಲಿಷ್ ಅಕ್ಷರದಲ್ಲಿ ತುಂಬುತ್ತಾರೆ. ಅಲ್ಲಿಂದ ಪಾಡು ಶುರು. ‘ಮಾತು’ ಅಂತ ಬರೆಯಬೇಕಾದರೆ ಒಬ್ಬರು ಒಂದು ‘ಎ’ ಹಾಕುತ್ತಾರೆ, ಒಬ್ಬರು ಎರಡು. ಒಬ್ಬರು ‘ಟಿ’ ಮಾತ್ರ ಹಾಕಿದರೆ ಇನ್ನೊಬ್ಬರು ಜೊತೆಗೆ ‘ಎಚ್’ ಕೂಡ. ನಾಲ್ಕು ಜನ, ನಾಲ್ಕು ಬಗೆ. ‘ಹಳ್ಳಿ’ಯ ಳಕಾರಕ್ಕೆ ಇಂಗ್ಲಿಷಿನಲ್ಲಿ ಅಕ್ಷರವೇ ಇಲ್ಲ. ಕನ್ನಡದಲ್ಲೇ ತುಂಬಿದರೂ ಒಬ್ಬರ ‘ಕತೆ’ ಇನ್ನೊಬ್ಬರ ‘ಕಥೆ’. ಲೇಖಕರ ಹೆಸರಿನ ಮುಂದಿನ ಊರಿನ ಅಕ್ಷರ, ತಂದೆಯ ಅಕ್ಷರ ಕೇಳಲೇಬೇಡಿ. ಒಬ್ಬರೇ ಲೇಖಕರು ನಮ್ಮ ಪಟ್ಟಿಯಲ್ಲಿ ಮೂವರಾಗಿದ್ದಾರೆ. ಒಂದೇ ಕಾದಂಬರಿ ಎರಡು ಹೆಸರಲ್ಲಿ ಕೂತಿತ್ತು. ಅದು ನಮ್ಮಲ್ಲಿಲ್ಲ ಅಂದುಕೊಂಡು ರಜೆಗೆ ಹೋದವರೊಬ್ಬರು ಮತ್ತೆ ಕೊಂಡು ತಂದರು. ವಿಮಾನದಲ್ಲಿ ಬರುವಾಗ ಒಂದೊಂದು ಪುಸ್ತಕದ ತೂಕವನ್ನೂ ಲೆಕ್ಕ ಹಾಕಿ ತರುವವರು ನಾವು.

ಹೊರಗಿನ ದೊಡ್ಡ ಪಟ್ಟಿಗಳಲ್ಲೂ ಇದೇ ಕಥೆ. ದೊಡ್ಡ ಗ್ರಂಥಾಲಯಗಳು ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕಿ ಇಟ್ಟು ಒಂದು ಬಗೆಯಲ್ಲಿ ಬರೆಯುತ್ತವೆ. ಆನ್‌ಲೈನ್ ಮಾರಾಟಗಾರರು ತಮಗೆ ತೋಚಿದಂತೆ ಬರೆಯುತ್ತಾರೆ. ಓದುಗರು ಹುಡುಕುವುದು ಮೂರನೆಯ ಬಗೆ. ಕನ್ನಡ ಪುಸ್ತಕ ನಮ್ಮ ನಾಡು ದಾಟಿದ ಕೂಡಲೇ ಅದರ ಹೆಸರು ಕೆಡುತ್ತದೆ. ಆ ಹದಿಮೂರು ಅಂಕಿ ಮಾತ್ರ ಕೆಡುವುದಿಲ್ಲ. ಅದನ್ನು ಯಾರೂ ತಪ್ಪಾಗಿ ಉಚ್ಚರಿಸಲಾರರು. ಅದಕ್ಕೆ ದೀರ್ಘ ಇಲ್ಲ, ಒತ್ತಿಲ್ಲ. ಇಷ್ಟು ದೊಡ್ಡ ಉಪಕಾರ ಮಾಡುವ ಒಂದು ಸಾಲನ್ನು ಬಿಟ್ಟು ಪುಸ್ತಕ ಅಚ್ಚು ಹಾಕಲು ನಮ್ಮವರಿಗೆ ಹೇಗೆ ಮನಸ್ಸು ಬರುತ್ತದೆ?

ಪುಸ್ತಕ ಪ್ರಕಟಿಸುವ ಪರಿಚಯದವರೊಬ್ಬರಿಗೆ ಫೋನ್ ಮಾಡಿ ಇದನ್ನೇ ಕೇಳಿದೆ. “ಸಾರ್, ನಂಬರ್ ಹಾಕಿದ್ರೆ ಕವಿತೆ ಇನ್ನೂ ಚೆನ್ನಾಗಿ ಆಗುತ್ತಾ?” ಅಂದರು. “ಓದೋರು ನಮಗೆ ಗೊತ್ತಿರೋರು. ಅವರಿಗೆ ನಂಬರ್ ಯಾಕೆ?” ನನಗೆ ಬೇಜಾರಾಯಿತು. ಗೊತ್ತಿರುವವರು ಮಾತ್ರ ಓದಲಿ ಅಂತ ಯಾರು ಬರೆಯುತ್ತಾರೆ? ನಾನು ಇಲ್ಲಿ ಕೂತಿದ್ದೇನೆ, ನನ್ನಂಥವರು ಎಷ್ಟೋ ದೇಶಗಳಲ್ಲಿ ಕೂತಿದ್ದಾರೆ. ಆ ಕವಿತೆ ಅಚ್ಚಾಗಿದೆ ಅಂತ ನಮಗೆ ಗೊತ್ತಾಗುವುದು ಹೇಗೆ?

ದುಡ್ಡಿನ ಮಾತಂತೂ ಅಲ್ಲವೇ ಅಲ್ಲ. ಬ್ರಿಟನ್ನಿನಲ್ಲಿ ಪ್ರಕಾಶಕರು ಐಎಸ್‌ಬಿಎನ್ ಅನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಅಮೆರಿಕದಲ್ಲೂ ಹಾಗೇ. ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಅವರ ಹೆಸರಿನ ರಾಷ್ಟ್ರೀಯ ಸಂಸ್ಥೆ ಪುಕ್ಕಟೆಯಾಗಿ ಕೊಡುತ್ತದೆ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಕೊಳ್ಳಬೇಕಾದವರು ತಪ್ಪದೆ ಹಾಕುತ್ತಾರೆ, ಪುಕ್ಕಟೆ ಸಿಗುವವರು ಬಿಡುತ್ತಾರೆ.

ಹಾಕುವವರಲ್ಲೂ ಕೆಲವರು ಹಾಕುವ ಕಾರಣ ಬೇರೆ. ಕಾಲೇಜು ಮೇಷ್ಟ್ರುಗಳ ಬಡ್ತಿಯ ಅಂಕಕ್ಕೆ ಪುಸ್ತಕದಲ್ಲಿ ಐಎಸ್‌ಬಿಎನ್ ಇರಬೇಕು ಅಂತ ಕೇಳತೊಡಗಿದ ಮೇಲೆ ಎಷ್ಟೋ ಪುಸ್ತಕಗಳಿಗೆ ನಂಬರ್ ಬಂತು. ಬಂದದ್ದು ಒಳ್ಳೆಯದೇ. ಆದರೆ ಅದರ ಜೊತೆ ಒಂದು ತಪ್ಪು ತಿಳಿವಳಿಕೆಯೂ ಬಂತು. ‘ಐಎಸ್‌ಬಿಎನ್ ಇರೋ ಪುಸ್ತಕ’ ಅಂದರೆ ಗುಣಮಟ್ಟದ ಪುಸ್ತಕ, ಸರ್ಕಾರ ಒಪ್ಪಿದ ಪುಸ್ತಕ ಅಂತ ಹಲವರು ಅಂದುಕೊಂಡಿದ್ದಾರೆ. ಅದು ಗುಣಮಟ್ಟದ ಮುದ್ರೆ ಅಲ್ಲ, ಹಕ್ಕುಸ್ವಾಮ್ಯದ ಪತ್ರವೂ ಅಲ್ಲ. ಸುಮ್ನೆ ಒಂದು ಗುರುತು. ‘ಇದು ಈ ಪುಸ್ತಕ, ಬೇರೆ ಅಲ್ಲ’ ಅಂತ ಹೇಳುತ್ತದೆ, ಅಷ್ಟೇ.

ನಿಯಮಗಳೂ ಕಷ್ಟದವಲ್ಲ. ಪುಸ್ತಕ ಹಾಗೇ ಮರುಮುದ್ರಣವಾದರೆ ಹಳೆಯ ನಂಬರೇ ಸಾಕು. ಪರಿಷ್ಕರಿಸಿದರೆ ಹೊಸದು ಬೇಕು. ಗಟ್ಟಿ ರಟ್ಟಿನದಕ್ಕೆ ಒಂದು, ಸಾದಾ ರಟ್ಟಿನದಕ್ಕೆ ಇನ್ನೊಂದು, ಇ-ಪುಸ್ತಕಕ್ಕೆ ಮತ್ತೊಂದು. ಒಂದು ನಂಬರನ್ನು ಒಮ್ಮೆ ಕೊಟ್ಟ ಮೇಲೆ ಇನ್ನೊಂದು ಪುಸ್ತಕಕ್ಕೆ ಕೊಡುವಂತಿಲ್ಲ, ಮೊದಲಿನದು ಪೂರ್ತಿ ಖರ್ಚಾಗಿ ಹೋದರೂ ಇಲ್ಲ. ನನ್ನ ಕವನ ಸಂಕಲನ ಗಣಿತದ ಗೈಡ್ ಆದದ್ದು ಈ ಒಂದನ್ನು ಮೀರಿದ್ದರಿಂದ.

1931ರಲ್ಲಿ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸಿಕೊಂಡ ಎಸ್. ಆರ್. ರಂಗನಾಥನ್ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸು ಅನ್ನುವುದೂ ಅದರಲ್ಲಿವೆ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಗ್ರಂಥಾಲಯದ ಕೆಲಸ ಕಲಿಸುವ, ಸಂಶೋಧನೆ ಮಾಡುವ ಕೇಂದ್ರವನ್ನು 1962ರಲ್ಲಿ ಕಟ್ಟಿದ್ದೂ ಅಲ್ಲೇ. ಅಂಥವರು ಓಡಾಡಿದ ಊರಿನಿಂದ ಬರುವ ಪುಸ್ತಕ ಇಲ್ಲಿ ‘ಇತರೆ’ ಆಗುತ್ತದೆ ಅಂದಾಗ ನನಗೆ ಸಿಟ್ಟೇ ಬರುತ್ತದೆ.

ಆ ಸಿಟ್ಟಿನಲ್ಲೇ ಮನೆಗೆ ಬಂದು ಇಪ್ಪತ್ತೊಂಬತ್ತನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತೆ. ಒಂದೊಂದಾಗಿ ಕೈಯಲ್ಲೇ ನಮೂದಿಸೋಣ ಅಂತ. ಅಲ್ಲಿ ಕೆಲವು ಮಾತು ಒಪ್ಪಿಕೊಳ್ಳಬೇಕಾಯಿತು. ಇಪ್ಪತ್ತೊಂಬತ್ತರಲ್ಲಿ ಎಂಟು 1970ಕ್ಕಿಂತ ಹಿಂದಿನವು, ಅಜ್ಜನ ಕಪಾಟಿನಿಂದ ಬಂದವು. ಅವು ಅಚ್ಚಾದಾಗ ನಮ್ಮಲ್ಲಿ ಈ ಪದ್ಧತಿಯೇ ಇರಲಿಲ್ಲ. ಅವುಗಳ ಮೇಲೆ ನನ್ನ ದೂರು ನಿಲ್ಲುವುದಿಲ್ಲ. ಆ ಎಂಟರಲ್ಲಿ ನಾಲ್ಕು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪಟ್ಟಿಯಲ್ಲಿ ಸಿಕ್ಕವು. 1962ರಿಂದ ಅವರು ದೆಹಲಿಯ ಕಚೇರಿಯ ಮೂಲಕ ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ತರಿಸುತ್ತಿದ್ದರು. ಯಾರೋ ಕನ್ನಡ ಬಲ್ಲವರು ಪುಟ ತಿರುಗಿಸಿ, ಓದಿ, ವಿವರ ಬರೆದಿದ್ದಾರೆ. ಬಾರ್‌ಕೋಡ್ ಇಲ್ಲದೆಯೂ ಪುಸ್ತಕ ಪಟ್ಟಿಗೆ ಸೇರಿದೆ.

ಇನ್ನೊಂದು ಕಡೆ, ಮೊನ್ನೆ ಮೊನ್ನೆಯ ಕೆಲವು ಪುಸ್ತಕಗಳ ನಂಬರ್ ಪೂರ್ತಿ ಸರಿಯಾಗಿತ್ತು, ಲೆಕ್ಕವೂ ಕೂಡಿತು, ಆದರೂ ತೆರೆ ಮೇಲೆ ಏನೂ ಬರಲಿಲ್ಲ. ನಂಬರ್ ಒಂದು ಬೀಗದ ಕೈ ಇದ್ದ ಹಾಗೆ. ಒಳಗೆ ವಿವರವನ್ನು ಯಾರಾದರೂ ಇಟ್ಟಿದ್ದರೆ ತಾನೇ ತೆಗೆದು ನೋಡುವುದು? ಇಡುವ ಕೆಲಸ ಪ್ರಕಾಶಕರದ್ದು ಮಾತ್ರ ಅಲ್ಲ, ನಮ್ಮದೂ ಹೌದು. ಓಪನ್ ಲೈಬ್ರರಿಯಂಥ ಜಾಲತಾಣದಲ್ಲಿ ಯಾರು ಬೇಕಾದರೂ ಪುಸ್ತಕದ ವಿವರ ಸೇರಿಸಬಹುದು. ಹದಿನೇಳು ವರ್ಷದಲ್ಲಿ ನಾನು ಒಂದನ್ನೂ ಸೇರಿಸಿರಲಿಲ್ಲ.

ನಮೂದಿಸುತ್ತಾ ಹೋದಂತೆ ನಮ್ಮ ಪುಸ್ತಕಗಳ ಆ ಮೊದಲ ಪುಟವನ್ನು ಎಷ್ಟೋ ಕಾಲದ ಮೇಲೆ ಪೂರ್ತಿ ಓದಿದೆ. ‘ಪುಟಗಳು: 8+152. ಆಕಾರ: ಡೆಮಿ 1/8. ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೊ. ಪ್ರತಿಗಳು: 1000. ಹಕ್ಕುಗಳು: ಲೇಖಕರವು.’ ಅಕ್ಷರ ಜೋಡಿಸಿದವರ ಹೆಸರು, ಮುಖಪುಟ ಬರೆದವರ ಹೆಸರು. ಎಷ್ಟು ಪ್ರತಿ ಅಚ್ಚಾಯಿತು ಅಂತ ನಾನು ಸ್ಕ್ಯಾನ್ ಮಾಡಿದ ನಾನೂರು ಇಂಗ್ಲಿಷ್ ಪುಸ್ತಕಗಳಲ್ಲಿ ಒಂದರಲ್ಲೂ ಕಂಡ ನೆನಪಿಲ್ಲ. ನಮ್ಮಲ್ಲಿ ಅದನ್ನು ಮುಚ್ಚಿಡುವುದಿಲ್ಲ. ಕೆಲವದರಲ್ಲಿ ಲೇಖಕರ ಮನೆ ವಿಳಾಸ, ಫೋನ್ ನಂಬರ್ ಕೂಡ.

ಒಂದು ಪ್ರಬಂಧ ಸಂಕಲನದಲ್ಲಿ ಪ್ರಕಟವಾದ ವರ್ಷವೇ ಇರಲಿಲ್ಲ. ಮುನ್ನುಡಿಯ ಕೆಳಗೂ ಬರೀ ‘ಯುಗಾದಿ’ ಅಂತ ಇತ್ತು. ಫೋನ್ ನಂಬರ್ ಮಾತ್ರ ಇತ್ತು. ಹಳೆಯದು, ಹೋಗಲಾರದು ಅಂದುಕೊಂಡೇ ಮಾಡಿದೆ. ಎರಡನೆಯ ರಿಂಗಿಗೆ ಲೇಖಕರೇ ಎತ್ತಿಕೊಂಡರು. ಎಂಬತ್ತು ದಾಟಿದ ದನಿ. ಯಾವ ದೇಶದಿಂದ, ಯಾವ ಪುಸ್ತಕ, ಯಾರು ಕೊಟ್ಟರು ಅಂತ ಎಲ್ಲ ಕೇಳಿದರು. ವರ್ಷ ಹೇಳಿದರು. ಅರ್ಧ ಗಂಟೆ ಮಾತಾಡಿದೆವು. ಮಧ್ಯದಲ್ಲಿ, ಈ ವರ್ಷ ಎರಡನೆಯ ಮುದ್ರಣ ಬರುತ್ತಿದೆ ಅಂದರು. ಎರಡು ಪ್ರಬಂಧ ಹೊಸದಾಗಿ ಸೇರಿಸುತ್ತಾರಂತೆ.

“ಹಾಗಾದ್ರೆ ಅದು ಪರಿಷ್ಕೃತ ಆವೃತ್ತಿ ಸಾರ್, ಅದಕ್ಕೆ ಒಂದು ಐಎಸ್‌ಬಿಎನ್ ಹಾಕಿಸಿ” ಅಂದೆ. ಯಾಕೆ, ಹೇಗೆ ಅಂತ ವಿವರಿಸಿದೆ. ನಲವತ್ತು ಪುಸ್ತಕದ ಕಥೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು.

“ಹಾಕಿಸೋಣಪ್ಪ” ಅಂದರು. “ಪ್ರಕಾಶಕರಿಗೆ ಇವತ್ತೇ ಹೇಳ್ತೀನಿ. ಆದ್ರೆ ಜಾಗ ಸಾಲಲ್ಲ ಅಂತ ಅವರು ನನ್ನ ಫೋನ್ ನಂಬರ್ ತೆಗೆದ್ರೆ ಮಾತ್ರ ನಾನು ಒಪ್ಪಲ್ಲ. ನೀನು ಇವತ್ತು ಸಿಕ್ಕಿದ್ದು ಅದರಿಂದ ಅಲ್ವಾ?”