ಶ್ರೀಶೈಲ ಪಾದಯಾತ್ರೆ: ಕಡೇ ಹಂತ ಹಗುರ ಅಲ್ರಿ

ಯುಗಾದಿಗೆ ಗದಗ, ಹಾವೇರಿ ಕಡೆಯಿಂದ ಶ್ರೀಶೈಲ ಮಲ್ಲಯ್ಯನ ಕಂಬಿ (ಹೆಗಲ ಮ್ಯಾಲಿನ ಕಾವಡಿ) ಹೊತ್ತು ನಡೆಯೋರ ಬಗ್ಗೆ ನೀವು ಬರೆದ ಲೇಖನ ಚಲೋ ಐತ್ರಿ. ಆದ್ರ ಅದರಾಗ 'ಆತ್ಮಕೂರು ಮುಟ್ಟಿದ್ರ ಮುಗೀತು' ಅಂತ ಆಂಧ್ರದ ಆ ಊರಿನ ಬಗ್ಗೆ ಅಂದಿದ್ದು ಒಪ್ಪೂ ಮಾತಲ್ಲ. ಖರೇ ಕಷ್ಟ ಅಲ್ಲಿಂದಾನ ಸುರು. ವೆಂಕಟಾಪುರ ದಾಟಿದ ಮ್ಯಾಲೆ ನಲ್ಲಮಲ ಕಾಡು. ಕಾಡಿನ ದಾರ್ಯಾಗ ಸಿಗೂ ಠಾವು ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಳನು, ಆಮೇಲೆ ಕೈಲಾಸದ್ವಾರ. ಭೀಮುನಿ ಕೊಳನಿನ ಕಣಿವಿಗೆ ಇಳಿಯೂವಾಗ ಮೊಣಕಾಲು ಹಿಡೀತಾವ, ಏರೂವಾಗಲ್ಲ. ಕೋಲು ಒಂದು ಇರಲಿ, ಅಡ್ಡಡ್ಡ ಹೆಜ್ಜಿ ಇಟ್ಟು ಇಳೀರಿ.

ಕಾಲಿಗೆ ಗುಳ್ಳಿ ಏಳೋದು ಬರೇ ಬಿಸಿಲಿಗಲ್ಲ, ತೇವಕ್ಕೂ. ಕಾಲಿಗೆ ಬಟ್ಟಿ ಸುತ್ತಿ ಮ್ಯಾಲೆ ನೀರು ಹೊಯ್ಕೋತಾರಲ್ಲ, ಅದರಿಂದ ತಾತ್ಕಾಲಿಕ ತಂಪು ಅಷ್ಟ. ಆದ್ರ ಚರ್ಮ ಮೆತ್ತಗಾಗಿ ತಿಕ್ಕಾಟಕ್ಕ ಸುಲಿದು ಬರತೈತಿ. ಕೂತಾಗೆಲ್ಲ ಕಾಲು ಒಣಗಿಸ್ರಿ, ಗುಳ್ಳಿ ಒಡೀಬ್ಯಾಡ್ರಿ. ಬರೇ ನೀರು ಕುಡಿದ್ರೂ ಸಾಲೂದಿಲ್ಲ, ಬೆವರಿನ ಜೋಡಿ ಉಪ್ಪೂ ಹೋಗತೈತಿ: 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ರಿ, ಅರ್ಧ ಸಣ್ಣ ಚಮಚ ಉಪ್ಪು, ಎಲ್ಲಾ ಮಟ್ಟ ಅಳತಿ. ಖಡಕ್ ರೊಟ್ಟಿ ಪೂರಾ ಆರಿದ ಮ್ಯಾಲೇನ ಕಟ್ರಿ, ಬಿಸಿ ಇರೂವಾಗ ಕಟ್ಟಿದ್ರ ಒಳಗ ಬೆವತು ಬೂಸ್ಟು ಹಿಡೀತೈತಿ.

ಇನ್ನೊಂದು ಮಾತು. ಈ ಯಾತ್ರಿ ಇತ್ತೀಚಿಂದು ಅನ್ನೋ ಹಂಗ ಬರ್ದೀರಿ. ಹಳೇ ಕಾಲದ ಕವಿ ಪಾಲ್ಕುರಿಕೆ ಸೋಮನಾಥ ತೆಲುಗಿನ 'ಪಂಡಿತಾರಾಧ್ಯ ಚರಿತ್ರ'ದ ಪರ್ವತ ಪ್ರಕರಣದಾಗ ಶಿವರಾತ್ರಿಗೆ ಶ್ರೀಶೈಲಕ್ಕ ಹೊಂಟ ಭಕ್ತರನ್ನ ಬಣ್ಣಿಸ್ಯಾನ. 14ನೇ ಶತಮಾನದಾಗ ಅರಸ ಪ್ರೋಲಯ ವೇಮ ರೆಡ್ಡಿ ಅಲ್ಲಿಗೆ ಮೆಟ್ಟಿಲು ಕಟ್ಟಿಸಿದ್ದು ಮಂದಿ ನಡೀತಿದ್ರು ಅನ್ನೋ ಕಾರಣಕ್ಕನ.